ಮಿಷಿನ್ನು ಹಾಯ್ ಅಂದ ಮೂರು ದಿನ

ನಮ್ಮ ಪಿಳ್ಳಮ್ಮತ್ತೆಯನ್ನು ಜಿಪುಣಿ ಅಂದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮಾವನ ಹನ್ನೊಂದನೆಯ ದಿನದ ಊಟಕ್ಕೆ ಬಂದು, ಎಲೆಯ ಮುಂದೆ ಕೂತು, ಪಾಯಸ ಬಡಿಸಿಕೊಳ್ಳುತ್ತಲೇ "ಇಪ್ಪತ್ತು ರೂಪಾಯಿ ಶುಗರ್ ಸ್ಟ್ರಿಪ್ ಉಳ್ಸೋಕೆ ಹೋಗಿ ಗಂಡನ್ನೇ ಕಳ್ಕಂಡ್ಲು" ಅಂದರಲ್ಲ, ಅವರನ್ನು ಅಲ್ಲೇ ಎಬ್ಬಿಸಿ ಕಳಿಸಬೇಕಿತ್ತು. ನಾನು ಕಳಿಸಲಿಲ್ಲ. ಸಾರಿನ ಬಕೆಟ್ ಹಿಡಿದುಕೊಂಡು ಮುಂದಿನ ಎಲೆಗೆ ಹೋದೆ. ಯಾಕೆ ಹಾಗೆ ಮಾಡಿದೆ ಅನ್ನುವುದನ್ನೂ ಇದರಲ್ಲೇ ಬರೆಯುತ್ತೇನೆ.

ಅತ್ತೆ ನನ್ನ ಅಪ್ಪನ ತಂಗಿ. ಅವಳನ್ನು ಕೊಟ್ಟಿದ್ದು ಬೂದಿಗೆರೆಗೆ. ಗಂಡ ವೆಂಕಟರಾಯಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದ; ಸುತ್ತಲಿನ ತೋಟಗಳ ತರಕಾರಿಯನ್ನು ಹೊಸಕೋಟೆ ಮಾರ್ಕೆಟ್ಟಿಗೆ ಸಾಗಿಸುವ ಕೆಲಸ. ಮನೆಯಲ್ಲಿ ಎರಡು ಸೀಮೆಹಸು, ಹಿತ್ತಲಲ್ಲಿ ಒಂದಷ್ಟು ಸೊಪ್ಪು. ಒಬ್ಬಳೇ ಮಗಳು ನವ್ಯಶ್ರೀಯನ್ನು ದೊಡ್ಡಬಳ್ಳಾಪುರಕ್ಕೆ ಮದುವೆ ಮಾಡಿಕೊಟ್ಟಿದ್ದರು. ಅತ್ತೆ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಊರಿಗೆ ಹೊಸದೇನಾದರೂ ಬಂದರೆ ಮೊದಲು ಕಲಿಯುವವಳು ಅವಳೇ. ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವ ಮಿಷಿನ್ ಬಂದಾಗ ಉಳಿದ ಹೆಂಗಸರು ಇದು ಮೋಸದ ಡಬ್ಬ ಎಂದು ಗೊಣಗಿದರು. ಇವಳು "ಮನುಷ್ಯ ಸುಳ್ಳು ಹೇಳ್ತಾನೆ, ಮಿಷಿನ್ ಯಾಕ್ ಹೇಳ್ತೈತೆ" ಎಂದು ಅದರ ಪಕ್ಕವೇ ನಿಂತು ಅಂಕಿ ಓದುವುದನ್ನು ಕಲಿತಳು.

ಅವಳ ಉಳಿತಾಯವನ್ನು ನೋಡಬೇಕಿತ್ತು. ಮಾರ್ಕೆಟ್ಟಿನಲ್ಲಿ ದ್ರಾಕ್ಷಿ ತುಂಬಿ ಬಂದು ಬಿಸಾಡಿದ್ದ ಥರ್ಮಕೋಲ್ ಡಬ್ಬವೊಂದನ್ನು ಮಾವನ ಕೈಲಿ ತರಿಸಿದ್ದಳು. ಕಾಳಿಗೆ ಒಂದು ಕುದಿ ಬಂದ ತಕ್ಷಣ ಪಾತ್ರೆಯನ್ನು ಒಲೆಯಿಂದ ಇಳಿಸಿ, ಹಳೆ ಕಂಬಳಿ ಸುತ್ತಿ, ಆ ಡಬ್ಬದೊಳಗೆ ಇಟ್ಟು ಮುಚ್ಚಿಬಿಡುವುದು. ಹಸುಗಳ ಕೆಲಸ ಮುಗಿಸಿ ಬರುವಷ್ಟರಲ್ಲಿ ಕಾಳು ಬೆಂದಿರುತ್ತಿತ್ತು. ಇದನ್ನು ಫೋನಿನಲ್ಲಿ ನೋಡಿ ಕಲಿತಿದ್ದಳು. ಎರಡು ತಿಂಗಳಿಗೆ ಮುಗಿಯುತ್ತಿದ್ದ ಗ್ಯಾಸು ಮೂರು ದಾಟಿತು. ಸಿಲಿಂಡರ್ ಬುಕ್ ಮಾಡುವುದನ್ನೂ ಅವಳೇ ಕಲಿತಳು. ಏಜೆನ್ಸಿಯವರು ಕೊಟ್ಟ ನಂಬರಿಗೆ ವಾಟ್ಸಾಪಿನಲ್ಲಿ ಎಚ್ ಒತ್ತಿ, ಐ ಒತ್ತಿ ಕಳಿಸಿದರೆ ಆ ಕಡೆಯಿಂದಲೂ ಒಂದು ಹಾಯ್ ಬರುತ್ತದೆ, ಆಮೇಲೆ ಕೆಲಸ ಶುರುವಾಗುತ್ತದೆ. ಕರೆಂಟ್ ಬಿಲ್ಲಿಗೂ ಹಾಗೇ. ಅತ್ತೆಗೆ ಓದಲು ಬರುತ್ತಿದ್ದ ಇಂಗ್ಲಿಷ್ ಪದ ಅದೊಂದೇ. "ಇವಕ್ಕೆಲ್ಲ ಮೊದ್ಲು ಹಾಯ್ ಅನ್ಬೇಕು ಕಣಪ್ಪ, ಆಮೇಲೇ ಮಾತು" ಎಂದು ನನಗೇ ಪಾಠ ಹೇಳುತ್ತಿದ್ದಳು.

ಹೋದ ವರ್ಷ ಡೇರಿಯಲ್ಲಿ ನಡೆದ ಉಚಿತ ತಪಾಸಣೆಯಲ್ಲಿ ಮಾವನಿಗೆ ಶುಗರ್ ಇದೆ ಎಂದು ಗೊತ್ತಾಯಿತು. ಮುನ್ನೂರ ಎಂಬತ್ತು. ಮನೆಯವರಿಗೆ ಜೀವವೇ ಹೋದಂತಾಯಿತು, ಅದಕ್ಕೆ ಕಾರಣವೂ ಇತ್ತು. ಮಾವನ ಅಣ್ಣ ಅಪ್ಪಯ್ಯಣ್ಣ ಇದೇ ಕಾಯಿಲೆಯಲ್ಲಿ ಮೊದಲು ಕಾಲಿನ ಹೆಬ್ಬೆರಳು ಕಳೆದುಕೊಂಡ, ಆಮೇಲೆ ಪಾದ, ಆಮೇಲೆ ಮೊಣಕಾಲಿನವರೆಗೆ. ಒಂದೇ ವರ್ಷದಲ್ಲಿ ತೀರಿಕೊಂಡ. ಅವನನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ತನ್ನ ಆಟೋದಲ್ಲೇ ಸಾಗಿಸಿದವನು ಮಾವ.

ಆವತ್ತು ಡಾಕ್ಟರ ಹತ್ತಿರ ಹೋಗಿ ಬಂದಾಗ ನಾನೂ ಜೊತೆಗಿದ್ದೆ. ಜಗಲಿಯ ಮೇಲೆ ಕೂತ ಮಾವ ತಲೆ ಎತ್ತಲಿಲ್ಲ.

"ಪಿಳ್ಳಿ, ಏನಾದ್ರೂ ಆಗ್ಲಿ, ನನ್ ಕಾಲು ಕುಯ್ಯೋಕೆ ಮಾತ್ರ ಬಿಡ್ಬೇಡ" ಅಂದ.

"ಎರಡು ಕಾಲಿನ್ ಮೇಲೆ ನಡ್ಸೋ ಜವಾಬ್ದಾರಿ ನಂದು. ನಾನ್ ಹೇಳ್ದಂಗೆ ಕೇಳಿ, ಸಾಕು" ಅಂದಳು ಅತ್ತೆ.

ಅವಳು ಹೇಳಿದ್ದನ್ನು ಮಾಡುವವಳು. ಮಾತ್ರೆ ಒಂದು ಹೊತ್ತೂ ತಪ್ಪಲಿಲ್ಲ. ಸಕ್ಕರೆ, ಬೆಲ್ಲ ಎರಡೂ ಅಟ್ಟ ಸೇರಿದವು. ಎರಡು ದೊಡ್ಡ ಮುದ್ದೆ ಉಣ್ಣುತ್ತಿದ್ದವನಿಗೆ ಒಂದು ಸಣ್ಣ ಮುದ್ದೆ, ಜೊತೆಗೆ ತಟ್ಟೆ ತುಂಬ ಸೊಪ್ಪು, ಮೊಳಕೆ ಕಾಳು. ಮಾರ್ಕೆಟ್ಟಿನ ಬೋಂಡ, ಬಣ್ಣದ ಬಾಟಲಿ ನೀರು ಬಂದ್. ಊಟ ಆದ ಮೇಲೆ ಕೆರೆ ಏರಿಯ ಮೇಲೆ ನಡಿಗೆ. ಫೋನು ಹೆಜ್ಜೆ ಎಣಿಸುತ್ತದೆ ಎಂದು ನಾನೇ ತೋರಿಸಿಕೊಟ್ಟಿದ್ದೆ. ದಿನಕ್ಕೆ ಏಳು ಸಾವಿರ ಆಗಲೇಬೇಕು. ಒಂದು ದಿನ ಮಾವ ಫೋನನ್ನು ಬಟ್ಟೆಯಲ್ಲಿ ಕಟ್ಟಿ ಹಸುವಿನ ಕೊರಳಿಗೆ ಹಾಕಿ, ತಾನು ಹೊಂಗೆ ಮರದಡಿ ಮಲಗಿಬಿಟ್ಟ. ಸಂಜೆ ಒಂಬತ್ತು ಸಾವಿರ ಹೆಜ್ಜೆ. ಅತ್ತೆ ಫೋನನ್ನು ಮೂಸಿ ನೋಡಿದಳಂತೆ. "ಹಸ ನಡೆದ್ರೆ ನಿಮ್ ಶುಗರ್ ಇಳೀತೈತಾ?" ಎಂದು ಕೇಳಿ, ಆ ಹೊತ್ತಿನಲ್ಲೇ ಎಬ್ಬಿಸಿಕೊಂಡು ಹೋಗಿ ಏಳು ಸಾವಿರ ನಡೆಸಿದಳು.

ಶುಗರ್ ನೋಡುವ ಮಿಷಿನ್ ತಂದುಕೊಟ್ಟವನೂ ನಾನೇ. ವಾರಕ್ಕೆ ಎರಡು ಸಲ ನೋಡಿದರೆ ಸಾಕು ಎಂದವರು ಡಾಕ್ಟರು. ಅತ್ತೆಯ ಜಿಪುಣತನ ಅಲ್ಲ. ಮಂಗಳವಾರ, ಶನಿವಾರ. ಬೆರಳಿಗೆ ಚುಚ್ಚುವುದು, ಸ್ಟ್ರಿಪ್ಪಿಗೆ ರಕ್ತ ತಾಗಿಸುವುದು, ಅಂಕಿ ಬರುವವರೆಗೆ ಕಾಯುವುದು. ಇಷ್ಟನ್ನು ಕಲಿಸಿದೆ. ಅಂಕಿಯೇ ಬರದಿದ್ದರೆ ಏನು ಮಾಡಬೇಕು ಎಂದು ನಾನು ಹೇಳಲಿಲ್ಲ. ಡಬ್ಬದೊಳಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಇತ್ತು. ನಾನು ಡಿಪ್ಲೊಮಾ ಓದಿದವನು, ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು, ದಿನವೂ ಇಂಥ ಪುಸ್ತಕಗಳನ್ನು ಓದುವವನು. ಅದರ ಮೊದಲ ಎರಡು ಪುಟ ನೋಡಿ ಮಡಚಿಟ್ಟೆ.

ಇನ್ನೂರ ತೊಂಬತ್ತು, ಇನ್ನೂರ ಮೂವತ್ತು, ನೂರ ಎಪ್ಪತ್ತು. ಅಂಕಿ ಇಳಿದ ಹಾಗೆಲ್ಲ ಅತ್ತೆ ಕ್ಯಾಲೆಂಡರಿನಲ್ಲಿ ಬರೆದು ಫೋಟೋ ಕಳಿಸುತ್ತಿದ್ದಳು. ಐದನೇ ತಿಂಗಳಲ್ಲಿ ನೂರ ಮೂವತ್ತೆರಡು ಬಂತು. ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದರು. ಬೂದಿಗೆರೆಯ ಹೆಂಗಸರು ಮುದ್ದೆಯ ಅಳತೆ ಕೇಳಿಕೊಂಡು ಅವಳ ಮನೆಗೆ ಬರಲು ಶುರು ಮಾಡಿದರು. ಆ ದಿನಗಳಲ್ಲಿ ಅವಳಷ್ಟು ಖುಷಿಯಾಗಿದ್ದವರನ್ನು ನಾನು ಕಂಡಿಲ್ಲ.

ಡಿಸೆಂಬರಿನಲ್ಲಿ ನಡಿಗೆಗೆಂದು ಮಾವನಿಗೆ ಕ್ಯಾನ್ವಾಸ್ ಶೂ ತಂದರು. ಸ್ವಲ್ಪ ಬಿಗಿ ಇತ್ತು; ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಎಂದಿದ್ದ ಅಂಗಡಿಯವನು. ವಾರದೊಳಗೆ ಎಡಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಮಾವ ಅದನ್ನು ಯಾರಿಗೂ ಹೇಳಲಿಲ್ಲ. ಕಾಲಿನ ಗಾಯ ಕಂಡರೆ ಡಾಕ್ಟರು ಕತ್ತರಿಸುತ್ತಾರೆ ಎಂಬ ಅವನ ಹೆದರಿಕೆ ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಚಳಿ ಎಂದು ಅವನು ಮನೆಯೊಳಗೂ ಕಾಲುಚೀಲ ಹಾಕಿಕೊಂಡು ಓಡಾಡಿದಾಗ ನಂಬಿದೆವು. ಚಳಿಯೂ ಇತ್ತು.

ಶನಿವಾರ ಅಂಕಿ ಇನ್ನೂರ ಅರವತ್ತೆಂಟಕ್ಕೆ ಏರಿತು. ಗುರುವಾರ ಒಂದು ಬೀಗರೂಟಕ್ಕೆ ಹೋಗಿ ಬಂದಿದ್ದರು, ಅದಕ್ಕೇ ಇರಬೇಕು ಎಂದುಕೊಂಡಳು ಅತ್ತೆ. ಮುದ್ದೆ ಇನ್ನೂ ಸಣ್ಣದಾಯಿತು. ಭಾನುವಾರ, ಸೋಮವಾರ ಒಂಬತ್ತು ಸಾವಿರ ಹೆಜ್ಜೆ ನಡೆಸಿದಳು. ಆ ಕಾಲಿನಲ್ಲಿ, ಆ ಶೂನಲ್ಲಿ, ಮಾವ ತುಟಿ ಕಚ್ಚಿಕೊಂಡು ನಡೆದ.

ಮಂಗಳವಾರ ಬೆಳಗ್ಗೆ ಸ್ಟ್ರಿಪ್ಪಿಗೆ ರಕ್ತ ತಾಗಿಸಿದಾಗ ಅಂಕಿ ಬರಲಿಲ್ಲ. ಎರಡು ಇಂಗ್ಲಿಷ್ ಅಕ್ಷರ ಬಂದವು. ಎಚ್, ಐ.

ಅತ್ತೆಗೆ ಅದನ್ನು ಓದಲು ಬರುತ್ತಿತ್ತು. ಮಿಷಿನ್ನು ಹಾಯ್ ಅನ್ನುತ್ತಿದೆ, ಇನ್ನೇನು ಅಂಕಿ ಬರುತ್ತದೆ ಎಂದು ಕಾದಳು. ಗ್ಯಾಸಿನವರು ಹಾಗೇ ತಾನೆ, ಮೊದಲು ಹಾಯ್, ಆಮೇಲೆ ಮಾತು. ಅಂಕಿ ಬರಲಿಲ್ಲ, ಪರದೆ ಆರಿಹೋಯಿತು. ಸ್ಟ್ರಿಪ್ ಉಳಿಸುವವಳಾಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದಳು. ಅವಳು ಇನ್ನೊಂದು ಸ್ಟ್ರಿಪ್ ಹಾಕಿ ಇನ್ನೊಂದು ಬೆರಳು ಚುಚ್ಚಿದಳು. ಮತ್ತೆ ಹಾಯ್. ಬುಧವಾರ ಬೆಳಗ್ಗೆ ಮೂರನೆಯದು. ಅದಕ್ಕೂ ಹಾಯ್. ಆಗ ಅವಳು ನನಗೆ ವಾಯ್ಸ್ ಮೆಸೇಜ್ ಕಳಿಸಿದಳು.

ನಮ್ಮ ಕಾರ್ಖಾನೆಯಲ್ಲಿ ಫೋನು ಒಳಗೆ ಬಿಡುವುದಿಲ್ಲ, ಲಾಕರಿನಲ್ಲಿ ಇಡಬೇಕು. ಹತ್ತು ಗಂಟೆಗೆ ಹತ್ತು ನಿಮಿಷ ಟೀ. ಲಾಕರ್ ತೆಗೆದಾಗ ಅತ್ತೆಯ ಮೆಸೇಜು, ಎರಡು ನಿಮಿಷ ಹತ್ತು ಸೆಕೆಂಡಿನದು. ಅತ್ತೆಯದು ಯಾವಾಗಲೂ ಉದ್ದ. ಹಸು ಮೇವು ಬಿಟ್ಟಿದ್ದು, ನೀರು ಬಿಡದೆ ಮೂರು ದಿನ ಆಗಿದ್ದು ಎಲ್ಲ ಹೇಳಿ ಆಮೇಲೆ ವಿಷಯಕ್ಕೆ ಬರುವವಳು. ಎರಡು ಪಟ್ಟು ವೇಗದಲ್ಲಿಟ್ಟು ಕೇಳಿದೆ. "ಮಿಷಿನ್ನು ಬರೀ ಹಾಯ್ ಅಂತೈತೆ ಕಣಪ್ಪ ವಸಂತ, ನಂಬರ್ರೇ ಕೊಡ್ತಿಲ್ಲ" ಅನ್ನುವವರೆಗೆ ಕೇಳಿ ನಗು ಬಂತು. ಪಕ್ಕದಲ್ಲಿದ್ದ ಮಂಜೇಶನಿಗೂ ಹೇಳಿದೆ, ಅವನೂ ನಕ್ಕ. ಮುಂದಿನದನ್ನು ಕೇಳದೆ ಮೈಕ್ ಒತ್ತಿ ಹಿಡಿದು ಹೇಳಿದೆ: "ಬ್ಯಾಟರಿ ಹೋಗಿರ್ಬೇಕು ಅತ್ತೆ, ಚೇಂಜ್ ಮಾಡ್ಸು." ನಾಲ್ಕು ಸೆಕೆಂಡು. ಫೋನು ಲಾಕರಿಗೆ ಹಾಕಿ ಟೀ ಕುಡಿದೆ.

ಅತ್ತೆ ಬ್ಯಾಟರಿ ಹುಡುಕಿಕೊಂಡು ಹೊರಟಳು. ಗುಂಡಗಿನ ಬಿಲ್ಲೆ ಬ್ಯಾಟರಿ ಬೂದಿಗೆರೆಯ ಅಂಗಡಿಗಳಲ್ಲಿ ಸಿಗಲಿಲ್ಲ. ಬಸ್ಸಿಗೆ ಕಾಯದೆ ಕ್ರಾಸಿನ ಕಡೆ ನಡೆದು, ಅಪಾರ್ಟ್‌ಮೆಂಟುಗಳ ಹತ್ತಿರದ ದೊಡ್ಡ ಮೆಡಿಕಲ್ ಸ್ಟೋರಿನಲ್ಲಿ ತಂದಳು. ಮಿಷಿನ್ ಜೊತೆಗೆ ಒಯ್ದಿದ್ದರೆ ಅಲ್ಲಿ ಯಾರಾದರೂ ಹೇಳುತ್ತಿದ್ದರೇನೋ. ನಾನು ಬ್ಯಾಟರಿ ಅಂದಿದ್ದೆ, ಅವಳು ಹಳೆಯ ಬ್ಯಾಟರಿ ಮಾತ್ರ ಒಯ್ದಿದ್ದಳು. ಸಂಜೆ ಹೊಸ ಬ್ಯಾಟರಿ ಹಾಕಿ ನಾಲ್ಕನೇ ಸ್ಟ್ರಿಪ್. ಹಾಯ್.

ಈಗ ಅವಳಿಗೆ ಅಂಕಿಯ ಆಸರೆ ಇಲ್ಲ. ಮಾವ ಎದ್ದು ಕೂರಲಾರದಷ್ಟು ಸುಸ್ತಾಗಿದ್ದ. ಸುಸ್ತು, ಬೆವರು ಬಂದರೆ ಶುಗರ್ ಇಳಿದಿರುತ್ತದೆ, ತಕ್ಷಣ ಸಿಹಿ ಕೊಡಿ ಎಂದು ಫೋನಿನಲ್ಲೊಬ್ಬ ಡಾಕ್ಟರು ಹೇಳಿದ್ದು ಅವಳಿಗೆ ನೆನಪಿತ್ತು. ಮುದ್ದೆ ತೀರಾ ಸಣ್ಣದು ಮಾಡಿ ತಾನೇ ಹೀಗೆ ಮಾಡಿಬಿಟ್ಟೆ ಎಂದುಕೊಂಡಳು. ಅಟ್ಟದಿಂದ ಬೆಲ್ಲ ಇಳಿಸಿ, ನಿಂಬೆಹಣ್ಣು ಹಿಂಡಿ, ಏಲಕ್ಕಿ ಹಾಕಿ ಪಾನಕ ಮಾಡಿದಳು. ಎಂಟು ತಿಂಗಳಿಂದ ಸಿಹಿ ಕಾಣದ ಮಾವ ದೊಡ್ಡ ಲೋಟದಲ್ಲಿ ಎರಡು ಸಲ ಇಸಿದುಕೊಂಡು ಕುಡಿದನಂತೆ. "ಇನ್ನೊಸಿ ಕೊಡೆ" ಅಂದನಂತೆ. ಕೊಟ್ಟಳು.

ಗುರುವಾರ ಮಧ್ಯಾಹ್ನ ಊಟಕ್ಕೆ ಬಂದು ಲಾಕರ್ ತೆಗೆದಾಗ ಏಳು ಮಿಸ್ಡ್ ಕಾಲ್. ಮಾವನಿಗೆ ಎಚ್ಚರ ತಪ್ಪಿತ್ತು. ಪಕ್ಕದ ಮನೆಯ ಅಶೋಕ್ ಕಾರಿನಲ್ಲಿ ಹೊಸಕೋಟೆಯ ಆಸ್ಪತ್ರೆಗೆ ಕರೆತಂದಿದ್ದ. ನಾನು ಶೇರ್ ಆಟೋ ಹತ್ತಿದೆ. ಯಾಕೋ ಹಿಂದಿನ ದಿನದ ಮೆಸೇಜನ್ನು ಪೂರ್ತಿ ಕೇಳಬೇಕೆನಿಸಿತು. ನಾನು ಕೇಳದೆ ಬಿಟ್ಟ ಭಾಗದಲ್ಲಿ ಅತ್ತೆ ಹೇಳುತ್ತಿದ್ದಳು: "ನಿಮ್ಮಾವ ಎರಡು ದಿನದಿಂದ ಬಿಂದ್ಗೆ ಬಿಂದ್ಗೆ ನೀರು ಕುಡಿತಾವ್ರೆ ಕಣೋ. ಒಂದೇ ಸಮ ಹೊರಗಡೆ ಎದ್ದೋಗ್ತಾವ್ರೆ. ಮೈ ಬಿಸಿ ಐತೆ. ನಂಗ್ಯಾಕೋ ಭಯ ಆಗ್ತೈತೆ. ನೀನ್ ಹೇಳು, ಆಸ್ಪತ್ರೆಗೆ ಹೋಗಾಣ ಅಂದ್ರೆ ಹೋಗ್ತೀವಿ." ಆಟೋದಲ್ಲಿ ಪಕ್ಕ ಕೂತವರು ನನ್ನ ಮುಖ ನೋಡಿದರು. ನಾನು ಇಳಿಯುವ ಜಾಗ ದಾಟಿ ಮುಂದೆ ಹೋಗಿದ್ದೆ.

ಓಡಿಕೊಂಡು ಹೋದಾಗ ಮಾವನನ್ನು ಆಗಲೇ ಒಳಗೆ ಮಲಗಿಸಿದ್ದರು. ನರ್ಸು ಕಾಲುಚೀಲ ಎಳೆದರು. ಚರ್ಮವೂ ಜೊತೆಗೇ ಬಂತು, ವಾಸನೆ ಕೋಣೆ ತುಂಬಿತು. ಅತ್ತೆ ಆ ಗಾಯವನ್ನು ಮೊದಲ ಸಲ ನೋಡಿದ್ದು ಆಗ. ಎಳೆಯ ವಯಸ್ಸಿನ ಡಾಕ್ಟರಮ್ಮ ಬರೆದುಕೊಳ್ಳುತ್ತಾ ಕೇಳಿದರು.

"ಮನೇಲಿ ಶುಗರ್ ನೋಡ್ತಿದ್ರಾ ಅಮ್ಮ? ಲಾಸ್ಟ್ ಎಷ್ಟಿತ್ತು?"

"ಶನಿವಾರ ಇನ್ನೂರ ಅರವತ್ತೆಂಟು. ಆಮ್ಯಾಕೆ ಮಿಷಿನ್ ಕೆಟ್ಟೋಯ್ತು ಮೇಡಮ್. ಬರೀ ಹಾಯ್ ಅಂತಿತ್ತು. ಹೊಸ ಬ್ಯಾಟರಿನೂ ಹಾಕ್ದೆ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಅದು ಹಾಯ್ ಅಲ್ಲಮ್ಮ, ಹೈ. ಆರ್ನೂರು ದಾಟಿದ್ರೆ ಮಿಷಿನ್‌ಗೆ ಅಳೆಯೋಕಾಗಲ್ಲ. ಆಗ ಹಂಗೆ ತೋರಿಸುತ್ತೆ. ತಕ್ಷಣ ಆಸ್ಪತ್ರೆಗೆ ಬನ್ನಿ ಅಂತ ಅದರರ್ಥ."

"ಹಂಗಾರೆ ಕೆಟ್ಟಿರ್ಲಿಲ್ವಾ ಅದು?"

"ಇಲ್ಲಮ್ಮ."

ಅತ್ತೆ ಪಾನಕ ಕೊಟ್ಟಿದ್ದನ್ನು ತಾನಾಗಿಯೇ ಹೇಳಿದಳು. ಯಾರೂ ಕೇಳಿರಲಿಲ್ಲ. ಎಷ್ಟು ಬೆಲ್ಲ ಹಾಕಿದ್ದೆ ಎಂದು ಕೈಯಲ್ಲಿ ಅಳತೆ ತೋರಿಸಿದಳು. "ಕಾಲು ಉಳೀತೈತಾ ಮೇಡಮ್?" ಎಂದು ಕೇಳಿದಳು. ಮೊದಲು ಜೀವ ನೋಡೋಣ ಅಂದರು ಅವರು.

ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ನನಗೆ ಅವಳ ಮುಖ ನೋಡುವ ಧೈರ್ಯ ಇರಲಿಲ್ಲ. ಅವಳು ನನ್ನನ್ನು ಎರಡು ಸಲ ನೋಡಿದಳು. ಆಮೇಲೆ ಬ್ಯಾಗಿನಿಂದ ಫೋನು ತೆಗೆದು, ಒಂದೇ ಬೆರಳಿನಲ್ಲಿ ಬಹಳ ಹೊತ್ತು ಏನೋ ಒತ್ತುತ್ತಾ ಕೂತಳು. ನವ್ಯಶ್ರೀಗೆ ಮೆಸೇಜ್ ಮಾಡುತ್ತಿರಬೇಕು ಎಂದುಕೊಂಡೆ. ಸಂಜೆ ಒಮ್ಮೆ ಮಾವನಿಗೆ ಅರೆ ಎಚ್ಚರವಾದಾಗ ಒಳಗೆ ಬಿಟ್ಟರು. ಅವನು ಏನೋ ಅನ್ನಲು ನೋಡಿದ, "ಕಾಲು" ಎಂಬುದಷ್ಟೇ ಕೇಳಿಸಿತು. ಅತ್ತೆ ಹೊದಿಕೆಯ ಮೇಲಿಂದಲೇ ಒಂದೊಂದು ಕಾಲನ್ನೂ ಮುಟ್ಟಿ "ಇದೊಂದು, ಇದೊಂದು. ಎರಡೂ ಐತೆ" ಅಂದಳು. ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಮಾವ ತೀರಿಕೊಂಡ.

ಹನ್ನೊಂದನೆಯ ದಿನ, ಸ್ಟ್ರಿಪ್ ಉಳಿಸಿದಳೆಂಬ ಆ ಮಾತು ಪಂಕ್ತಿಯಲ್ಲಿ ಬಂದಾಗ ನವ್ಯಶ್ರೀ ಅಲ್ಲೇ ನಿಂತಿದ್ದಳು. ಅವಳು ಅಮ್ಮನ ಕಡೆ ತಿರುಗಿ ಎಲ್ಲರ ಎದುರಿಗೆ ಕೇಳಿದಳು: "ಮೂರ್ ದಿನ ಅಮ್ಮ. ಮೂರ್ ದಿನದಲ್ಲಿ ಓದಿರೋರು ಯಾರ್ನಾದ್ರೂ ಒಂದ್ ಮಾತು ಕೇಳ್ಬಾರ್ದಿತ್ತಾ?"

"ಕೇಳ್ಲಿಲ್ಲ ಕಣವ್ವ. ನಂಗೇ ಎಲ್ಲಾ ಗೊತ್ತು ಅಂದ್ಕಂಡಿದ್ದೆ" ಅಂದಳು ಅತ್ತೆ.

ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಕೆಟ್ ಹಿಡಿದುಕೊಂಡು ಮುಂದಿನ ಎಲೆಗೆ ಹೋದೆ. ಬಡಿಸಿ ಮುಗಿದ ಮೇಲೆ ಕೊಟ್ಟಿಗೆಯ ಹಿಂದೆ ನಿಂತು ಫೋನು ತೆಗೆದೆ. ಅತ್ತೆಯ ಆ ಎರಡು ನಿಮಿಷದ ಮೆಸೇಜಿನ ಜಾಗದಲ್ಲಿ, ಅಳಿಸಲಾಗಿದೆ ಎಂಬ ಬೂದು ಅಕ್ಷರ ಇತ್ತು. ಅದರ ಕೆಳಗೆ ನನ್ನ ನಾಲ್ಕು ಸೆಕೆಂಡು ಹಾಗೇ ಇತ್ತು.

ಅತ್ತೆ ಹಸುವಿಗೆ ನೀರು ಇಡಲು ಬಂದಳು. ನನ್ನ ಕೈಯಲ್ಲಿನ ಫೋನು ನೋಡಿದಳು.

"ಯಾಕತ್ತೆ ಹಿಂಗ್ ಮಾಡ್ದೆ?" ಅಂದೆ.

"ನಿನ್ ಮಾತ್ನೂ ಅಳ್ಸೋಕೆ ನೋಡ್ದೆ ಕಣಪ್ಪ. ನನ್ ಫೋನಲ್ಲಿ ಹೋಯ್ತು, ನಿನ್ ಫೋನಲ್ಲಿ ಹೋಗಲ್ವಂತೆ. ಆ ನರ್ಸಮ್ಮನ್ನೂ ಕೇಳ್ದೆ. ಅದ್ನ ನೀನೇ ಅಳಿಸ್ಕಬೇಕಂತೆ" ಅಂದಳು. "ನಿಂಗೆ ವಯಸ್ಸೈತೆ, ಮುಂದೆ ಬದುಕ್ಬೇಕು. ಅಳಿಸ್ಕೊ."

ಗಂಡ ಒಳಗೆ ಸಾಯುತ್ತಿದ್ದಾಗ ಅವಳು ಬೆಂಚಿನ ಮೇಲೆ ಕೂತು ಮಾಡಿದ ಕೆಲಸ ಅದು. ನಾನು ಅಲ್ಲೇ ಸಗಣಿ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅವಳು ಅಳಬೇಡ ಅನ್ನಲಿಲ್ಲ. ಹಸುವಿಗೆ ನೀರು ಕುಡಿಸಿ ಒಳಗೆ ಹೋದಳು.

ನಾಲ್ಕು ತಿಂಗಳಾಯಿತು. ನಾನು ಅಳಿಸಿಲ್ಲ. ನವ್ಯಶ್ರೀ ಇನ್ನೂ ಅಮ್ಮನ ಜೊತೆ ಮಾತು ಬಿಟ್ಟಿದ್ದಾಳೆ, ಯುಗಾದಿಗೂ ಬರಲಿಲ್ಲ. ಇದನ್ನು ಬರೆದು ಮುಗಿಸಿದ ಮೇಲೆ ಮೊದಲು ಕಳಿಸುವುದು ಅವಳಿಗೇ. ನಿಮ್ಮಮ್ಮ ಕೇಳಿದ್ದಳು ನವ್ಯ. ಬುಧವಾರ ಬೆಳಗ್ಗೆ, ಹತ್ತು ಗಂಟೆಗೆ ಮುಂಚೆಯೇ ಕೇಳಿದ್ದಳು. ಕೇಳಿದ್ದು ನನ್ನನ್ನು.